ಯಾವ ಹಾಡು ಕಳಿಸೋಣ?

ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಸಮೂಹಗಾನದ ತಂಡ ಅಂದರೆ ಆರು ಮಂದಿ ಹಾಡುವವರು, ಮೂವರು ಪಕ್ಕವಾದ್ಯದವರು. ಸಮಯ ಹತ್ತು ನಿಮಿಷ. ಹಾಡು ಎರಡು: ಒಂದು ದೇಶಭಕ್ತಿಯದು, ಇನ್ನೊಂದು ಜಾನಪದ. ಸಿನಿಮಾ ಹಾಡಿಗೆ ಅವಕಾಶವಿಲ್ಲ. ವೇಷಕ್ಕೆ, ಬಣ್ಣಕ್ಕೆ, ಅಭಿನಯಕ್ಕೆ ಅಂಕವಿಲ್ಲ. ಬೆಳಗಾವಿಯಲ್ಲಿ ಕಾಲೇಜು ಹುಡುಗರನ್ನು ಕೂಡಿಸಿಕೊಂಡು ಪೇಟಿಯ ಮೇಲೆ ಹಾಡು ಕಲಿಸುವ ನನಗೆ ಇವೆಲ್ಲ ಬಾಯಿಪಾಠ. ಹಾರ್ಮೋನಿಯಂ ಅಂದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಪೇಟಿ ಅಂದರೇ ಗೊತ್ತಾಗುವುದು.

ಯುರೋಪಿನ ದೇಶಗಳು ಪ್ರತಿ ವರ್ಷ ಮೇ ತಿಂಗಳಲ್ಲಿ ಯೂರೋವಿಷನ್ ಎಂಬ ಹಾಡಿನ ಸ್ಪರ್ಧೆ ಕಟ್ಟುತ್ತವೆ. ಅದರ ನಿಯಮ ಕೇಳಿದಾಗ ನನಗೆ ನಗು ಬಂತು. ಅಲ್ಲೂ ವೇದಿಕೆಯ ಮೇಲೆ ಆರಕ್ಕಿಂತ ಹೆಚ್ಚು ಜನ ನಿಲ್ಲುವ ಹಾಗಿಲ್ಲ. ಹಾಡು ಮಾತ್ರ ಮೂರೇ ನಿಮಿಷ. ನಮ್ಮ ಹುಡುಗರು ಮೊದಲ ಹಾಡಿನ ಆಲಾಪ ಮುಗಿಸುವಷ್ಟರಲ್ಲಿ ಅಲ್ಲಿ ಒಂದು ದೇಶ ಹಾಡಿ ಇಳಿದಿರುತ್ತದೆ.

ಇದರ ಹುಚ್ಚು ನನಗೆ ಹಚ್ಚಿದವನು ಅಕ್ಕನ ಮಗ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಎಂಜಿನಿಯರ್. ಚಳಿಗಾಲದಲ್ಲಿ ಫೋನು ಮಾಡಿದಾಗಲೆಲ್ಲ ಅವನದು ಒಂದೇ ಮಾತು: "ಮಾಮಾ, ಶನಿವಾರ ರಾತ್ರಿ ಇಲ್ಲಿ ಓಣ್ಯಾಗ ಒಂದು ನರಪಿಳ್ಳೆ ಇರೂದಿಲ್ಲ. ಎಲ್ಲಾರೂ ಟೀವಿ ಮುಂದ ಕುಂತಿರ್ತಾರ. ಯಾವ ಹಾಡು ಕಳಸಬೇಕು ಅಂತ ಮನಿಮನಿಗೂ ಜಗಳ." ಮೇ ತಿಂಗಳ ಸ್ಪರ್ಧೆಗಿಂತ ಅದಕ್ಕೆ ಹಾಡು ಆರಿಸುವ ಈ ಜಗಳವೇ ನನ್ನನ್ನು ಹಿಡಿದು ಕೂರಿಸಿತು. ಯಾವ ಹಾಡು ಕಳಿಸೋಣ ಎಂದು ಒಂದು ದೇಶ ಕೂತು ಯೋಚಿಸಿದರೆ, ನಾವು ಯಾರು ಎಂಬ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ. ಗಡಿಯಲ್ಲಿರುವ ಬೆಳಗಾವಿ, ಖಾನಾಪುರದವರಿಗೆ ಈ ಪ್ರಶ್ನೆ ಹೊಸದೇನಲ್ಲ.

ಮೊದಲು ಸ್ಪರ್ಧೆಯ ಬಗ್ಗೆ ಎರಡು ಮಾತು. ಇದು ಶುರುವಾದದ್ದು 1956ರಲ್ಲಿ, ಸ್ವಿಟ್ಜರ್ಲೆಂಡಿನ ಲುಗಾನೊ ಎಂಬ ಊರಿನಲ್ಲಿ. ಆಗ ಏಳೇ ದೇಶ, ತಲಾ ಎರಡು ಹಾಡು. ಗೆದ್ದದ್ದು ಸ್ವಿಟ್ಜರ್ಲೆಂಡಿನ ಲೀಸ್ ಆಸಿಯಾ. ಆ ದಿನ ಯಾರು ಯಾರಿಗೆ ಎಷ್ಟು ಅಂಕ ಕೊಟ್ಟರು ಎಂಬುದನ್ನು ಪ್ರಕಟಿಸಲೇ ಇಲ್ಲ. ಸ್ಪರ್ಧೆ ನಡೆಸುವುದು ಯುರೋಪಿನ ಸಾರ್ವಜನಿಕ ಬಾನುಲಿ, ಟೀವಿ ಸಂಸ್ಥೆಗಳ ಒಕ್ಕೂಟ. ಹಾಡು ಕಳಿಸುವುದು ಸರ್ಕಾರವಲ್ಲ, ಆಯಾ ದೇಶದ ಸಾರ್ವಜನಿಕ ಟೀವಿ. ಅಂದರೆ ಅಲ್ಲಿಯ ದೂರದರ್ಶನ ಎನ್ನಿ. ನಮ್ಮ ದೂರದರ್ಶನ ಇರುವುದು ಏಷ್ಯಾ ಪೆಸಿಫಿಕ್ ಒಕ್ಕೂಟದಲ್ಲಿ, ಹಾಗಾಗಿ ಭಾರತದ ಹಾಡು ಅಲ್ಲಿಲ್ಲ. ಆಸ್ಟ್ರೇಲಿಯಾ ಮಾತ್ರ 2015ರಿಂದ ಹಾಡುತ್ತಿದೆ. ಯುರೋಪ್ ಎಲ್ಲಿ, ಆಸ್ಟ್ರೇಲಿಯಾ ಎಲ್ಲಿ ಎಂದು ಕೇಳಬೇಡಿ. ಕರೆದರು, ಹೋದರು.

ಹಾಡನ್ನು ಹೇಗೆ ಆರಿಸಬೇಕು ಎಂಬುದಕ್ಕೆ ಒಕ್ಕೂಟದ ಕಟ್ಟಳೆ ಇಲ್ಲ. ಒಂದು ದೇಶ ಊರೂರಿಗೆ ಹೋಗಿ ಜನರ ಮತ ಕೇಳುತ್ತದೆ. ಇನ್ನೊಂದು ದೇಶದಲ್ಲಿ ನಾಲ್ಕು ಅಧಿಕಾರಿಗಳು ಬಾಗಿಲು ಹಾಕಿಕೊಂಡು ಹೆಸರು ಬರೆದು ಕಳಿಸುತ್ತಾರೆ. ಇಟಲಿಯವರಿಗೆ 1951ರಿಂದ ಸಾನ್‌ರೇಮೊ ಎಂಬ ಸ್ವಂತ ಹಾಡಿನ ಹಬ್ಬವೇ ಇದೆ. ಯೂರೋವಿಷನ್ ಹುಟ್ಟಿದ್ದೇ ಅದನ್ನು ನೋಡಿ. ಅಲ್ಲಿ ಗೆದ್ದವರಿಗೆ ಯುರೋಪಿನ ವೇದಿಕೆಗೆ ಹೋಗುವ ಅವಕಾಶ, ಮನಸ್ಸಿದ್ದರೆ ಹೋಗಬಹುದು. 2025ರಲ್ಲಿ ಗೆದ್ದ ಓಲ್ಲಿ ಎಂಬ ಹುಡುಗ ಬೇಡ ಅಂದ. ಎರಡನೆಯವನಾಗಿ ಬಂದಿದ್ದ ಲೂಚೊ ಕೋರ್ಸಿ ಹೋದ, ಐದನೇ ಸ್ಥಾನ ತಂದ. ಈ ಕೋರ್ಸಿಯ ಮೇಲೆ ನನಗೆ ವಿಶೇಷ ಪ್ರೀತಿ. ಯೂರೋವಿಷನ್ ವೇದಿಕೆಯಲ್ಲಿ ವಾದ್ಯ ನುಡಿಸುವಂತಿಲ್ಲ. ಸಂಗೀತವೆಲ್ಲ ಮೊದಲೇ ಮುದ್ರಿಸಿಟ್ಟದ್ದು, ಹಾಡುವ ಗಂಟಲು ಮಾತ್ರ ನಿಜದ್ದು. ಗಿಟಾರ್ ಹಿಡಿದವರು ಹಿಡಿದಂತೆ ನಟಿಸುತ್ತಾರೆ ಅಷ್ಟೆ. ಕೋರ್ಸಿ ಮೌತ್‌ಆರ್ಗನ್ ತೆಗೆದು, ಹಾಡುವ ಮೈಕಿಗೇ ಹಿಡಿದು ನುಡಿಸಿಬಿಟ್ಟ! ಮೌತ್‌ಆರ್ಗನ್ ಅಂದರೆ ಪೇಟಿಯ ಚಿಕ್ಕ ತಮ್ಮ, ಇದಕ್ಕೂ ಅದಕ್ಕೂ ಗಾಳಿಗೆ ನಡುಗುವ ಹಿತ್ತಾಳೆ ರೀಡೇ ಜೀವ. ಪೇಟಿಯವರಿಗೆ ಅನ್ನವಿಲ್ಲದ ಸ್ಪರ್ಧೆ ಎಂದು ಮುನಿಸಿಕೊಂಡಿದ್ದ ನನಗೆ ಅವತ್ತು ಸಮಾಧಾನವಾಯಿತು.

ಸ್ವೀಡನ್ನಿನವರಷ್ಟು ಗಂಭೀರವಾಗಿ ಹಾಡು ಆರಿಸುವವರು ಯಾರೂ ಇಲ್ಲ. ಅವರ ಆಯ್ಕೆಯ ಸ್ಪರ್ಧೆಗೆ ಮೆಲೋಡಿಫೆಸ್ತಿವಾಲೆನ್ ಎಂದು ಹೆಸರು. ಆರು ಶನಿವಾರ ನಡೆಯುತ್ತದೆ, ವಾರಕ್ಕೊಂದು ಊರು, ಕೊನೆಯದು ಸ್ಟಾಕ್‌ಹೋಮ್ ಬಳಿಯ ದೊಡ್ಡ ಕ್ರೀಡಾಂಗಣದಲ್ಲಿ. ಅವರಿಗೂ ಕೆಟ್ಟ ಅನುಭವ ಆಗಿಯೇ ಬುದ್ಧಿ ಬಂದದ್ದು. 1973ರಲ್ಲಿ ಇಬ್ಬರು ಗಂಡಸರು, ಇಬ್ಬರು ಹೆಂಗಸರ ಒಂದು ತಂಡ 'ರಿಂಗ್ ರಿಂಗ್' ಎಂಬ ಹಾಡು ತಂದಿತ್ತು. ತೀರ್ಪುಗಾರರು ಅದನ್ನು ಮೂರನೇ ಸ್ಥಾನಕ್ಕೆ ಕೂರಿಸಿದರು. ಮರುವರ್ಷ ಅದೇ ನಾಲ್ವರು 'ವಾಟರ್‌ಲೂ' ತಂದರು, ಆಯ್ಕೆಯಾದರು, ಇಂಗ್ಲೆಂಡಿನ ಬ್ರೈಟನ್‌ಗೆ ಹೋಗಿ ಯುರೋಪನ್ನೇ ಗೆದ್ದರು. ಅದೇ ಆಬ್ಬಾ ತಂಡ.

ಈಗ ಸ್ವೀಡನ್ನಿನ ಅಂತಿಮ ಸುತ್ತಿನಲ್ಲಿ ಅರ್ಧ ಅಂಕ ಜನರದು, ಅರ್ಧ ತೀರ್ಪುಗಾರರದು. ಜನರ ಮತವನ್ನೂ ವಯಸ್ಸಿನ ಪ್ರಕಾರ ಬೇರೆಬೇರೆ ಗುಂಪು ಮಾಡಿ ಎಣಿಸುತ್ತಾರೆ. ಹದಿಹರೆಯದವರೆಲ್ಲ ಫೋನು ಹಿಡಿದು ಕೂತು ಅಜ್ಜ ಅಜ್ಜಿಯರ ಮತವನ್ನು ಮುಳುಗಿಸಬಾರದಲ್ಲ. ತೀರ್ಪುಗಾರರ ವಿಷಯದಲ್ಲಿ ಇನ್ನೂ ಜಾಣತನ: ಅವರು ಸ್ವೀಡನ್ನಿನವರೇ ಅಲ್ಲ, ಬೇರೆ ಬೇರೆ ದೇಶಗಳವರು. ಮೇ ತಿಂಗಳಲ್ಲಿ ಅಂಕ ಕೊಡುವುದು ಹೊರಗಿನವರೇ ಆದ್ದರಿಂದ ಹೊರಗಿನವರ ಕಿವಿಗೆ ಹೇಗೆ ಕೇಳುತ್ತದೆ ಎಂದು ಮಾರ್ಚಿನಲ್ಲೇ ನೋಡಿಬಿಡುತ್ತಾರೆ.

ಖಾನಾಪುರ ತಾಲೂಕಿನ ಭಜನೆ ಸ್ಪರ್ಧೆಗಳಲ್ಲೂ ಇದೇ ಪದ್ಧತಿ. ಪರೀಕ್ಷಕನಾಗಿ ನಾಲ್ಕಾರು ಕಡೆ ಕೂತಿದ್ದೇನೆ. ಸಂಘಟಕರ ಮೊದಲ ಷರತ್ತು ಒಂದೇ: ಪರೀಕ್ಷಕ ಈ ಹಳ್ಳಿಯವನಾಗಿರಬಾರದು, ಈ ಹಳ್ಳಿಯ ಬೀಗನೂ ಆಗಿರಬಾರದು. ಚಹಾ ಬೇರೆ ಕೋಣೆಯಲ್ಲಿ, ಊಟ ಫಲಿತಾಂಶದ ನಂತರ. ಅಭಂಗ, ಗವಳಣ, ಭಾರುಡ ಎಲ್ಲ ಮುಗಿದು ಬೆಳಗಿನ ಜಾವ ಫಲಿತಾಂಶ ಹೇಳಿದ ಮೇಲೆ ನನ್ನನ್ನು ಮೋಟಾರ್‌ಸೈಕಲ್ ಮೇಲೆ ಸ್ಟೇಷನ್ನಿಗೆ ಮುಟ್ಟಿಸುವವನು ಗೆದ್ದ ತಂಡದವನೂ ಆಗಿರುವುದಿಲ್ಲ, ಸೋತ ತಂಡದವನೂ ಆಗಿರುವುದಿಲ್ಲ. ಸ್ಟಾಕ್‌ಹೋಮಿನವರು ಇದನ್ನು ಎಲ್ಲಿ ಕಲಿತರೋ, ನಮ್ಮವರು ಮಲಪ್ರಭೆಯ ದಂಡೆಯಲ್ಲೇ ಕಲಿತಿದ್ದಾರೆ.

2025ರ ಮಾರ್ಚ್ 8ರಂದು ಸ್ವೀಡನ್ನಿನ ಅಂತಿಮ ಸುತ್ತಿನಲ್ಲಿ ನಡೆದದ್ದನ್ನು ನಾನು ಅಳಿಯನ ಬಾಯಿಂದ ಎಷ್ಟು ಸಲ ಹೇಳಿಸಿಕೊಂಡಿದ್ದೇನೋ. ಗೆಲ್ಲುತ್ತಾನೆ ಎಂದು ಎಲ್ಲರೂ ಮೊದಲೇ ತೀರ್ಮಾನ ಮಾಡಿದ್ದು ಮೋನ್ಸ್ ಸೆಲ್ಮೆರ್ಲೋವ್ ಎಂಬಾತನನ್ನು. 2015ರಲ್ಲಿ ಯುರೋಪನ್ನೇ ಗೆದ್ದು ಬಂದವ, ಚೆಲುವ, ಇಂಗ್ಲಿಷ್ ಹಾಡು. ಅವನನ್ನು ಸೋಲಿಸಿದ್ದು ಕಾಯ್ ಎಂಬ ಮೂವರ ತಂಡ. ಹಾಡಿನ ವಿಷಯ ಬಿಸಿ ಹಬೆಯ ಸ್ನಾನ. ಮೂವರೂ ಸ್ವೀಡನ್ನಿನವರಲ್ಲ, ಫಿನ್‌ಲ್ಯಾಂಡಿನವರು! ಫಿನ್‌ಲ್ಯಾಂಡಿನ ಪಶ್ಚಿಮ ಕರಾವಳಿಯಲ್ಲಿ ತಲೆತಲಾಂತರದಿಂದ ಸ್ವೀಡಿಷ್ ಮಾತಾಡುವ ಹಳ್ಳಿಗಳಿವೆ. ಇವರು ಅಲ್ಲಿಯ ವೊರೋ ಎಂಬ ಊರಿನವರು. ಹಾಡಿದ್ದು ತಮ್ಮ ಹಳ್ಳಿಯ ಸ್ವೀಡಿಷ್‌ನಲ್ಲಿ. ರಾಜಧಾನಿಯವರು ಕೇಳಿದರೆ ಅರ್ಧ ಅರ್ಥವಾಗಿ ಅರ್ಧ ನಗುವಂಥ ಭಾಷೆ. ಸ್ವೀಡನ್ ದೇಶ 1998ರ ನಂತರ ಸ್ವೀಡಿಷ್ ಭಾಷೆಯ ಹಾಡನ್ನೇ ಕಳಿಸಿರಲಿಲ್ಲ. ಇಪ್ಪತ್ತೇಳು ವರ್ಷದ ಮೇಲೆ ಆ ಭಾಷೆಯನ್ನು ಯುರೋಪಿನ ವೇದಿಕೆಗೆ ಹೊತ್ತೊಯ್ದವರು ಗಡಿಯಾಚೆಯ ಹಳ್ಳಿಯವರು. ಮೇ ತಿಂಗಳಲ್ಲಿ ಬಾಸೆಲ್‌ನಲ್ಲಿ ಅವರಿಗೆ ನಾಲ್ಕನೇ ಸ್ಥಾನ ಬಂತು.

ನಾನು ಖಾನಾಪುರದವ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಲೋಂಡಾ ಕಡೆಯ ತಬಲಜಿಯ ಜೊತೆ ಮುರುಕು ಕೊಂಕಣಿ. ಕಾಯ್ ತಂಡದ ಕಥೆ ನನಗೆ ಯಾಕೆ ಹಿಡಿಸಿತು ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆ ಹಾಡುಗಾರರ ಲೆಕ್ಕ ಹೀಗೇ ಗೆರೆ ದಾಟುತ್ತದೆ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಎಂಬ ಹುಡುಗ ಕುಮಾರ ಗಂಧರ್ವರಾಗಿ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆ ನಿಂತರು, ಮಾಳವದ ಜನಪದ ಧಾಟಿಗಳನ್ನು ಕೇಳಿ ಕೇಳಿ ಹೊಸ ರಾಗ ಕಟ್ಟಿದರು, ಕಬೀರನನ್ನು ಹಾಡಿದರು. ಅವರು ಯಾರ ಹಾಡುಗಾರರು? ಬೆಳಗಾವಿಯ ರಂಗಮಂದಿರಕ್ಕೆ ಅವರ ಹೆಸರಿದೆ, ಅಷ್ಟಂತೂ ನಮ್ಮದು.

ಭಾಷೆಯ ಜಗಳ ಯೂರೋವಿಷನ್ನಿಗೂ ಹಳೆಯದು. 1965ರಲ್ಲಿ ಸ್ವೀಡನ್ನಿನ ಒಬ್ಬ ಗಾಯಕ ಇಂಗ್ಲಿಷಿನಲ್ಲಿ ಹಾಡಿಬಿಟ್ಟ. ಮರುವರ್ಷವೇ ನಿಯಮ ಬಂತು: ನಿಮ್ಮ ದೇಶದ ಭಾಷೆಯಲ್ಲೇ ಹಾಡಬೇಕು. 1973ರಲ್ಲಿ ಅದನ್ನು ತೆಗೆದರು, ಆಬ್ಬಾ ಇಂಗ್ಲಿಷಿನಲ್ಲಿ ಗೆದ್ದದ್ದು ಆ ಸಡಿಲಿಕೆಯಲ್ಲೇ. 1977ರಲ್ಲಿ ಮತ್ತೆ ತಂದರು. 1999ರಿಂದ ಯಾರು ಯಾವ ಭಾಷೆಯಲ್ಲಾದರೂ ಹಾಡಲಿ ಎಂದು ಕೈಬಿಟ್ಟರು. ಆಮೇಲೆ ಸುಮಾರು ದೇಶಗಳು ಇಂಗ್ಲಿಷಿಗೆ ಹೊರಳಿದವು. ಹಾಡುಗಾರ ಆ ದೇಶದವನೇ ಆಗಬೇಕು ಎಂಬ ನಿಯಮವಂತೂ ಇಲ್ಲ. 1988ರಲ್ಲಿ ಸ್ವಿಟ್ಜರ್ಲೆಂಡಿಗೆ ಗೆದ್ದುಕೊಟ್ಟ ಸೆಲಿನ್ ಡಿಯಾನ್ ಕೆನಡಾದವಳು.

ಸ್ಪೇನ್ ದೇಶದ ಕಥೆ ಇನ್ನೂ ಖಾರ. 2022ರ ಜನವರಿಯಲ್ಲಿ ಬೆನಿಡೋರ್ಮ್ ಎಂಬ ಸಮುದ್ರದಂಡೆಯ ಊರಿನಲ್ಲಿ ಅವರ ಆಯ್ಕೆ ನಡೆಯಿತು. ತಾನ್ಶುಗೇಯ್ರಾಸ್ ಎಂಬ ಮೂವರು ಹೆಣ್ಣುಮಕ್ಕಳು ಕೈಯಲ್ಲಿ ಕಂಜಿರದಂಥ ವಾದ್ಯ ಹಿಡಿದು ಗಲಿಸಿಯನ್ ಭಾಷೆಯಲ್ಲಿ ಹಾಡಿದರು. ಗಲಿಸಿಯಾ ಅಂದರೆ ಸ್ಪೇನಿನ ವಾಯವ್ಯ ಮೂಲೆ, ಕೆಳಗೆ ಪೋರ್ಚುಗಲ್ ಗಡಿ. ಗಡಿಯಾಚೆಯ ಪೋರ್ಚುಗೀಸಿಗೂ ಈಚೆಯ ಗಲಿಸಿಯನ್‌ಗೂ ಅಕ್ಕತಂಗಿಯರ ನಂಟು. ಫೋನು, ಸಂದೇಶಗಳಲ್ಲಿ ಬಂದ ಜನರ ಮತದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಇವರಿಗೇ ಬಿತ್ತು. ಶಾನೆಲ್ ಎಂಬ ನರ್ತಕಿ ಗಾಯಕಿಗೆ ಅದೇ ಮತದಲ್ಲಿ ನೂರಕ್ಕೆ ನಾಲ್ಕೂ ತುಂಬಲಿಲ್ಲ. ಆದರೆ ಅರ್ಧ ಅಂಕ ತೀರ್ಪುಗಾರರ ಕೈಯಲ್ಲಿತ್ತು, ಕಾಲು ಭಾಗ ಆಯ್ದ ನಾಗರಿಕರ ಗುಂಪಿನ ಕೈಯಲ್ಲಿ, ಈ ಎಪ್ಪತ್ತರ ಅಬ್ಬರವೆಲ್ಲ ಉಳಿದ ಕಾಲು ಭಾಗದಲ್ಲೇ ಮುಗಿಯಬೇಕಿತ್ತು. ಶಾನೆಲ್ ಗೆದ್ದಳು. ದೇಶ ಕೆರಳಿತು. ಸಂಸತ್ತಿನಲ್ಲಿ ರಾಜಕೀಯ ಪಕ್ಷಗಳು ಲೆಕ್ಕ ಕೇಳಿದವು. ಪಾಪ, ಆ ಹುಡುಗಿ ಜಾಲತಾಣದ ಬೈಗುಳ ತಾಳಲಾರದೆ ಕೆಲಕಾಲ ಅಲ್ಲಿಂದ ಹೊರಗೇ ಹೋದಳು. ಮೇ ತಿಂಗಳಲ್ಲಿ ಟ್ಯೂರಿನ್‌ನಲ್ಲಿ ಹಾಡಿ ಕುಣಿದು ಮೂರನೇ ಸ್ಥಾನ ಪಡೆದಳು. 1995ರ ನಂತರ ಸ್ಪೇನಿಗೆ ಅಷ್ಟು ಒಳ್ಳೆಯ ಸ್ಥಾನ ಬಂದೇ ಇರಲಿಲ್ಲ.

ತೀರ್ಪುಗಾರರು ಸರಿಯೋ ಜನ ಸರಿಯೋ? ಮೂರನೇ ಸ್ಥಾನ ತೋರಿಸಿ ತೀರ್ಪುಗಾರರನ್ನು ಸಮರ್ಥಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಮೂವರು ಹೆಣ್ಣುಮಕ್ಕಳು ಟ್ಯೂರಿನ್‌ಗೆ ಹೋಗಿದ್ದರೆ ಎಲ್ಲಿ ನಿಲ್ಲುತ್ತಿದ್ದರು ಎಂದು ಯಾರೂ ನೋಡಿಲ್ಲ. ಅಷ್ಟಕ್ಕೂ ಅದೇ ವರ್ಷ ಗೆದ್ದದ್ದು ಯಾರು? ಯುಕ್ರೇನಿನ ಕಲೂಶ್ ಆರ್ಕೆಸ್ಟ್ರಾ, ಹಳ್ಳಿಯ ಕೊಳಲು ಮತ್ತು ರ‍್ಯಾಪ್ ಕೂಡಿಸಿ ತಾಯಿಯ ಮೇಲೆ ಕಟ್ಟಿದ ಹಾಡಿನಿಂದ. ಅವರೂ ತಮ್ಮ ದೇಶದ ಆಯ್ಕೆಯಲ್ಲಿ ಮೊದಲಿಗರಾಗಿರಲಿಲ್ಲ. 2022ರ ಫೆಬ್ರವರಿಯಲ್ಲಿ ಗೆದ್ದವಳು ಅಲೀನಾ ಪಾಶ್. 2015ರಲ್ಲಿ ಆಕೆ ಕ್ರಿಮಿಯಾಕ್ಕೆ ಹೋಗಿಬಂದ ದಾಖಲೆಗಳ ಬಗ್ಗೆ ಗದ್ದಲವೆದ್ದು ತಾನಾಗಿ ಹಿಂದೆ ಸರಿದಳು. ಎರಡನೆಯವರಾಗಿದ್ದ ಕಲೂಶ್ ತಂಡವನ್ನು ಫೆಬ್ರವರಿ 22ರಂದು ಹೆಸರಿಸಿದರು. ಫೆಬ್ರವರಿ 24ರಂದು ಯುದ್ಧ. ಮೇ ತಿಂಗಳಲ್ಲಿ 631 ಅಂಕ, ಅದರಲ್ಲಿ 439 ಜನರ ಮತದ್ದೇ. ಹಾಡು ಒಳ್ಳೆಯದಿತ್ತು, ಯುರೋಪಿನ ಮನಸ್ಸೂ ಆಗ ಆ ಕಡೆಗೇ ವಾಲಿತ್ತು. ಎರಡನ್ನೂ ಬೇರೆ ಮಾಡಿ ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ.

ಬ್ರಿಟನ್ನಿನದು ಚಿಕ್ಕ ಕಥೆ. ಜನರ ಮತದಿಂದ ಆರಿಸಿ ಕಳಿಸಿದ ಹಾಡು 2003ರಲ್ಲಿ ಸೊನ್ನೆ ಅಂಕ ತಂದಿತು. ಒಳಗೊಳಗೇ ಆರಿಸಿದ ಹಾಡಿಗೆ 2021ರಲ್ಲೂ ಸೊನ್ನೆ. ಮರುವರ್ಷ ಅದೇ ರೀತಿ ಒಳಗೊಳಗೇ ಆರಿಸಿದ ಸ್ಯಾಮ್ ರೈಡರ್ ಎರಡನೇ ಸ್ಥಾನಕ್ಕೆ ಬಂದ. ಪದ್ಧತಿಗಿಂತ ಗಂಟಲು ದೊಡ್ಡದು ಎನ್ನಬಹುದು, ಆದರೆ ಆ ಗಂಟಲನ್ನು ಹುಡುಕುವುದಕ್ಕೂ ಒಂದು ಪದ್ಧತಿ ಬೇಕಲ್ಲ.

ನಮ್ಮ ತಾಲೀಮಿನ ಕೋಣೆಯಲ್ಲಿ ಈ ಪ್ರಶ್ನೆ ಒಂದು ವರ್ಷ ಜೋರಾಗಿಯೇ ಬಂತು. ಆರು ಮಂದಿಯಲ್ಲಿ ನಾಲ್ವರ ಮನೆಮಾತು ಮರಾಠಿ, ಇಬ್ಬರದು ಕನ್ನಡ. ದೇಶಭಕ್ತಿಯ ಹಾಡು ಕನ್ನಡದ್ದು ಎಂದು ತಕರಾರಿಲ್ಲದೆ ಒಪ್ಪಿದ್ದರು. ಜಾನಪದಕ್ಕೆ ಬಂದಾಗ ಬೆಂಕಿ ಹೊತ್ತಿತು. ಇಬ್ಬರು ಗೀಗೀಪದ ಅಂದರು, ನಾಲ್ವರು ಗೋಂಧಳ ಅಂದರು. ಪ್ರಾದೇಶಿಕ ಭಾಷೆ ಯಾವುದಾದರೂ ನಡೆಯುತ್ತದೆ, ನಿಯಮ ಅಡ್ಡ ಬರುವುದಿಲ್ಲ. ಕೈ ಎತ್ತಿಸಿದರೆ ನಾಲ್ಕು ಎರಡು, ಅರ್ಧ ನಿಮಿಷದ ಕೆಲಸ. ಕೈ ಎತ್ತಿಸಲು ನನಗೆ ಮನಸ್ಸಾಗಲಿಲ್ಲ. ಜಾಂಬೋಟಿಯಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿ ಆಗ ಒಂದು ಮಾತು ಕೇಳಿದಳು: "ಸರ, ನಾವು ಯಾರ ಮುಂದ ಹಾಡಾಕ ಹೊಂಟೇವಿ? ಇಲ್ಲಿ ಚಪ್ಪಾಳಿ ಬೀಳೂದ ಬ್ಯಾರೆ, ಅಲ್ಲಿ ನಂಬರ್ ಬರೂದ ಬ್ಯಾರೆ."

ಸ್ವೀಡನ್ನಿನವರು ವಿದೇಶಿ ತೀರ್ಪುಗಾರರನ್ನು ಕರೆಸಿ ಕೇಳುವುದೂ ಇದನ್ನೇ, ಬೆನಿಡೋರ್ಮ್‌ನ ಜಗಳವೂ ಇದೇ. ಕಳಿಸುವ ಹಾಡು ಮನೆಯವರಿಗೆ ಮೆಚ್ಚುಗೆಯಾಗಬೇಕೋ, ಹೊರಗಿನವರಿಗೋ? ಮನೆಯವರಿಗೆ ಮಾತ್ರ ಅಂದರೆ ಸ್ಪರ್ಧೆಗೆ ಕಳಿಸುವುದೇಕೆ, ಗಣಪತಿಯ ಮುಂದೆ ಹಾಡಿದರೆ ಸಾಕು. ಹೊರಗಿನವರಿಗೆ ಮಾತ್ರ ಅಂದರೆ ಎಲ್ಲರೂ ಒಂದೇ ತರಹದ ಇಂಗ್ಲಿಷ್ ಹಾಡು ಹಾಡುತ್ತಾರೆ, ಕಳಿಸಿದ್ದು ಯಾವ ದೇಶ ಎಂದು ಕೆಳಗೆ ಬರೆದು ತೋರಿಸಬೇಕಾಗುತ್ತದೆ. ಗಡಿಯ ಊರುಗಳಲ್ಲಿ ಬೆಳೆದವರಿಗೆ ಇದು ಸ್ವಲ್ಪ ಬೇಗ ತಿಳಿಯುತ್ತದೆ ಎಂದು ನನ್ನ ನಂಬಿಕೆ. ಅವರಿಗೆ ಹೊರಗಿನವರ ಕಿವಿ ಪಕ್ಕದ ಮನೆಯಲ್ಲೇ ಸಿಗುತ್ತದೆ.

ಆ ವರ್ಷ ನಾನು ಮೂವರನ್ನು ಕರೆದೆ: ಕನ್ನಡದ ಒಬ್ಬ ಮೇಷ್ಟ್ರು, ವಾರಕರಿ ಭಜನೆ ಹಾಡುವ ಒಬ್ಬ ಹಿರಿಯರು, ಲೋಂಡಾದ ನನ್ನ ತಬಲಜಿ. ಎರಡೂ ಹಾಡನ್ನು ಪೂರ್ತಿ ಹಾಡಿಸಿದೆ. ಮೂವರೂ ಬೇರೆ ಬೇರೆ ಚೀಟಿಯಲ್ಲಿ ಬರೆದುಕೊಟ್ಟದ್ದು ಗೋಂಧಳ. ಮೇಷ್ಟ್ರು ಚೀಟಿಯ ಕೆಳಗೆ "ಗೀಗೀಪದಕ್ಕ ದನಿ ಸಣ್ಣ ಆಗೇತಿ, ಮುಂದಿನ ವರ್ಷ ನೋಡ್ರಿ" ಅಂತಲೂ ಬರೆದಿದ್ದರು. ಇಬ್ಬರು ಹುಡುಗರಿಗೆ ಬೇಸರವಾಗಲಿಲ್ಲ, ಯಾಕೆಂದರೆ ಎಣಿಕೆಯಲ್ಲಿ ಸೋತಿರಲಿಲ್ಲ. ತಂಡ ವಿಶ್ವವಿದ್ಯಾಲಯದ ಮಟ್ಟ ದಾಟಲಿಲ್ಲ, ಅದು ಬೇರೆ ಮಾತು.

ಬೆಳಗಾವಿ ಇಡೀ ದೇಶದ ಎದುರು ಹಾಡಿದ್ದು 1924ರ ಡಿಸೆಂಬರಿನಲ್ಲಿ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಟಿಳಕವಾಡಿಯಲ್ಲಿ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವ, ಬಯಲಲ್ಲಿ ಎದ್ದ ಬಿಡಾರಕ್ಕೆ ವಿಜಯನಗರ ಎಂದು ಹೆಸರು, ನೀರಿಗೆಂದು ತೋಡಿದ ಬಾವಿ ಇವತ್ತಿಗೂ ಇದೆ. ದೇಶದ ಮೂಲೆಮೂಲೆಯಿಂದ ಬಂದವರ ಮುಂದೆ ಹಾಡಿದವರಲ್ಲಿ ಹನ್ನೊಂದರ ಹುಡುಗಿ ಗಂಗೂಬಾಯಿ ಇದ್ದರು, ಮುಂದೆ ಹಾನಗಲ್ ಎಂಬ ಹೆಸರಿನಿಂದ ಪ್ರಸಿದ್ಧರಾದವರು. ವಿಷ್ಣು ದಿಗಂಬರ ಪಲುಸ್ಕರರು ವಂದೇ ಮಾತರಂ ಹಾಡಿದರು. ಗದಗಿನ ವಕೀಲ ಹುಯಿಲಗೋಳ ನಾರಾಯಣರಾಯರು ಬರೆದ, ಕನ್ನಡ ನಾಡಿನ ಉದಯವನ್ನು ಹಾರೈಸುವ ಹಾಡೂ ಅಲ್ಲೇ ಮೊಳಗಿತು. ಯೋಚಿಸಿ ನೋಡಿ: ಆಗ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು, ಕನ್ನಡ ನಾಡು ಒಂದು ರಾಜ್ಯವಾಗಲು ಇನ್ನೂ ಮೂವತ್ತೆರಡು ವರ್ಷ ಬೇಕಿತ್ತು. ಇಲ್ಲದ ನಾಡಿನ ಪರವಾಗಿ ಹಾಡನ್ನು ಮುಂದೆ ಕಳಿಸಿದ್ದರು. ಅದೇ ಮಂಟಪದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. ಯೂರೋವಿಷನ್ನಿನವರು ಯಾರೂ ಇಂಥ ಧೈರ್ಯ ಮಾಡಿಲ್ಲ. ದೇಶವೇ ಇರದಿದ್ದರೆ ಅವರ ನಿಯಮ ಅರ್ಜಿಯನ್ನೇ ಮುಟ್ಟುವುದಿಲ್ಲ.

ಈಗ ಒಂದು ವಿಷಯ ಓದುಗರಿಗೆ ಉಪಯೋಗವಾಗಬಹುದು. ಯೂರೋವಿಷನ್ನಿನಲ್ಲಿ ಪ್ರತಿ ದೇಶವೂ ತನ್ನ ಮೆಚ್ಚಿನ ಹಾಡಿಗೆ 12, ಅದರ ನಂತರದ್ದಕ್ಕೆ 10, ಆಮೇಲೆ 8ರಿಂದ 1ರವರೆಗೆ ಅಂಕ ಕೊಡುತ್ತದೆ. ಈ ಲೆಕ್ಕ 1975ರಿಂದ ಬಂದದ್ದು. ತನ್ನ ದೇಶಕ್ಕೆ ತಾನೇ ಅಂಕ ಕೊಡುವಂತಿಲ್ಲ. ಅಂತಿಮ ಸುತ್ತಿನಲ್ಲಿ ತೀರ್ಪುಗಾರರ ಅಂಕ ಬೇರೆ, ಜನರ ಅಂಕ ಬೇರೆ. 2023ರಿಂದ ಸ್ಪರ್ಧೆಯಲ್ಲಿಲ್ಲದ ದೇಶಗಳ ಜನರೂ ಇಂಟರ್ನೆಟ್ ಮೂಲಕ ದುಡ್ಡು ಕೊಟ್ಟು ಮತ ಹಾಕಬಹುದು. ಉಳಿದ ಜಗತ್ತೆಲ್ಲ ಸೇರಿ ಒಂದು ದೇಶದಷ್ಟು ತೂಕ. ಅಂದರೆ ಖಾನಾಪುರದಲ್ಲಿ ಕೂತೂ ಮತ ಹಾಕಬಹುದು, ಕರೆಂಟು ಇದ್ದರೆ. ಬರೀ ಹಾಡಿಗಷ್ಟೇ ಮತ ಬೀಳುತ್ತದೆ ಎಂದು ಭಾವಿಸಬೇಡಿ. 2026ರ ವಿಯೆನ್ನಾ ಸ್ಪರ್ಧೆಗೆ ಇಸ್ರೇಲನ್ನು ಸೇರಿಸಿಕೊಂಡದ್ದಕ್ಕೆ ಸ್ಪೇನ್, ಐರ್ಲೆಂಡ್, ನೆದರ್ಲೆಂಡ್ಸ್, ಸ್ಲೊವೇನಿಯಾ, ಐಸ್‌ಲ್ಯಾಂಡ್ ದೂರ ಉಳಿಯುವುದಾಗಿ 2025ರ ಡಿಸೆಂಬರಿನಲ್ಲಿ ಸಾರಿದವು. ಹಾಡು ಕಳಿಸದಿರುವುದೂ ಅಲ್ಲಿ ಒಂದು ಆಯ್ಕೆ.

ನಮ್ಮ ರಾಜ್ಯದ ಆಯ್ಕೆಯ ಕಥೆಯೂ ಹೊರಗಿನವರಿಗೆ ಹೇಳುವಂಥದ್ದೇ. ಕುವೆಂಪು ಅವರ ಕವಿತೆಯನ್ನು ನಾಡಗೀತೆ ಎಂದು 2004ರ ಜನವರಿ 6ರಂದು ಸರ್ಕಾರ ಘೋಷಿಸಿತು. ಸಾಹಿತ್ಯ ಆರಿಸಿದ್ದಾಯಿತು, ಧಾಟಿ? ಮೈಸೂರು ಅನಂತಸ್ವಾಮಿಯವರದು ಒಂದು, ಸಿ. ಅಶ್ವತ್ಥ್ ಅವರದು ಇನ್ನೊಂದು. ಇಬ್ಬರೂ ಸುಗಮ ಸಂಗೀತದ ದೊಡ್ಡವರು, ಇಬ್ಬರ ಹಿಂದೆಯೂ ಶಿಷ್ಯರ ಸಾಲು. ಸಮಿತಿಗಳು ಕೂತವು, ಎದ್ದವು. ಕೊನೆಗೆ ಗಾಯಕಿ ಎಚ್.ಆರ್. ಲೀಲಾವತಿಯವರ ಅಧ್ಯಕ್ಷತೆಯ ಸಮಿತಿ ಅನಂತಸ್ವಾಮಿಯವರ ಧಾಟಿ ಎಂದಿತು. 2022ರಲ್ಲಿ ಸರ್ಕಾರ ಅದನ್ನು ಒಪ್ಪಿ, ಆಲಾಪ ಬೇಡ, ಸಾಲು ಮರುಕಳಿಸುವುದು ಬೇಡ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಮುಗಿಸಿ ಎಂದು ಆದೇಶ ಹೊರಡಿಸಿತು. ಯೂರೋವಿಷನ್ನಿಗಿಂತಲೂ ಅರ್ಧ ನಿಮಿಷ ಕಡಿಮೆ! ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಆದೇಶವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದರು. ಧಾಟಿಗಳ ವ್ಯತ್ಯಾಸ ತಿಳಿಯಬೇಕಲ್ಲ, ನ್ಯಾಯಾಲಯದಲ್ಲೇ ಹಾಡಿ ತೋರಿಸಿದರು. 2024ರ ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯಿತು. ಜನರ ಮತವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದಕ್ಕೂ ಭಯ, ಬೆನಿಡೋರ್ಮ್ ನೆನಪಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಅಶ್ವತ್ಥ್ ಅವರ ಧಾಟಿ ಪಳಗಿದ ಗಂಟಲಿಗೆ ಒಪ್ಪುವಂಥದ್ದು, ಏರಿಳಿತ ಜಾಸ್ತಿ, ಒಬ್ಬ ಹಾಡಿದರೆ ಮೈ ನವಿರೇಳುತ್ತದೆ. ಅನಂತಸ್ವಾಮಿಯವರದನ್ನು ಐನೂರು ಜನ ಒಟ್ಟಿಗೆ ಎತ್ತಿಕೊಂಡರೂ ಚೆಲ್ಲಾಪಿಲ್ಲಿಯಾಗುವುದಿಲ್ಲ. ಸಭೆಯಲ್ಲಿ ಎದ್ದು ನಿಂತು ಹಾಡುವ ಹಾಡಿಗೆ ಇದೇ ಸರಿ. ಕೇಳಲು ಕೂತರೆ ನನಗೆ ಅಶ್ವತ್ಥ್ ಅವರದೇ ಇಷ್ಟ.

ರಾಜ್ಯೋತ್ಸವ ಹತ್ತಿರ ಬಂದರೆ ಖಾನಾಪುರದ ಶಾಲೆಗಳಿಂದ ಪೇಟಿಗೆ ಕರೆ ಬರುತ್ತದೆ. "ಸರ, ಸರ್ಕಾರದ ಧಾಟೀನ ಬಾರಸ್ರಿ, ಎರಡೂವರಿ ನಿಮಿಷ" ಎಂದು ಹೆಡ್‌ಮಾಸ್ತರರು ಮೊದಲೇ ಹೇಳಿಬಿಡುತ್ತಾರೆ. ಸ್ವರ ಯಾವುದು ಎಂದು ಮಾತ್ರ ಯಾರೂ ಹೇಳುವುದಿಲ್ಲ, ಅದು ಪೇಟಿಯವನ ಪಾಲಿನ ಆಯ್ಕೆ. ಅತಿಥಿ ಗಂಡಸರ ಸ್ವರಕ್ಕೆ, ಅಂದರೆ ಪೇಟಿಯ ಮೊದಲ ಕಪ್ಪು ಮನೆಯಾದ ಕಾಳಿ ಒಂದಕ್ಕೆ ಹಿಡಿದರೆ ಟೀಚರುಗಳ ದನಿ ನೆಲ ಹಿಡಿಯುತ್ತದೆ. ಟೀಚರುಗಳಿಗೆ ಸರಿಹೋಗಲೆಂದು ಕಾಳಿ ಐದಕ್ಕೆ ಹಿಡಿದರೆ ವೇದಿಕೆ ಮೇಲಿನ ಗಂಡಸರು ಎರಡನೇ ಚರಣಕ್ಕೇ ತುಟಿ ಅಲ್ಲಾಡಿಸುತ್ತಾ ನಿಲ್ಲುತ್ತಾರೆ. ಹಿಂದಿನ ದಿನ ಹೋಗಿ ಐದನೇ ಇಯತ್ತೆಯ ಮಕ್ಕಳನ್ನು ನಿಲ್ಲಿಸಿ ಹಾಡಿಸಿ, ಅವರಿಗೆ ಹೊಂದುವ ಮನೆಯನ್ನು ಸೀಮೆಸುಣ್ಣದಿಂದ ಗುರುತು ಮಾಡಿ ಬರುತ್ತೇನೆ. ಅತಿಥಿಗಳು ಯಾರೆಂದು ಕೇಳುವುದಿಲ್ಲ.